ರಹೋಭ್ಯಾಖ್ಯಾನವೂ ಕಿರುತೆರೆಯೂ

ಸತ್ಯಾಣುವ್ರತಕ್ಕೆ ಐದು ಅತಿಚಾರಗಳುಂಟೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಅವುಗಳಲ್ಲಿ ಕಳ್ಳ ಲೆಕ್ಕ ಬರೆಯುವ ಕೂಟಲೇಖಕ್ರಿಯೆಯನ್ನೂ, ಇನ್ನೊಬ್ಬರು ನಂಬಿ ಇಟ್ಟ ಹಣವನ್ನು ನುಂಗುವ ನ್ಯಾಸಾಪಹಾರವನ್ನೂ ವ್ಯಾಪಾರಿಗಳಾದ ನಾವು ಚೆನ್ನಾಗಿ ಬಲ್ಲೆವು. ಇವೆರಡಕ್ಕೂ ಹೆದರುವ ಶ್ರಾವಕರು ಇಂದಿಗೂ ಇದ್ದಾರೆ. ಆದರೆ ಅದೇ ಪಟ್ಟಿಯಲ್ಲಿರುವ ‘ರಹೋಭ್ಯಾಖ್ಯಾನ’ವನ್ನು ಮಾತ್ರ ನಾವು ಪಾಠಶಾಲೆಯಲ್ಲಿ ಬಾಯಿಪಾಠ ಒಪ್ಪಿಸಿ ಮುಂದೆ ಸಾಗಿಬಿಟ್ಟಿದ್ದೇವೆ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲಿಗೆಳೆದು ಹೇಳುವುದೇ ರಹೋಭ್ಯಾಖ್ಯಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಇಲ್ಲಿ ಹೇಳಿದ ಮಾತು ಸುಳ್ಳಾಗಿರಬೇಕೆಂಬ ನಿಯಮವಿಲ್ಲ. ನಡೆದುದನ್ನು ನಡೆದಂತೆಯೇ ಹೇಳಿದರೂ ಸತ್ಯವ್ರತಕ್ಕೆ ಮಲಿನತೆ ತಗಲುತ್ತದೆ. ‘ನಾವು ತೋರಿಸಿದ್ದು ನಿಜವನ್ನೇ’ ಎಂಬ ಸುದ್ದಿವಾಹಿನಿಗಳ ಸಮರ್ಥನೆಗೆ ನಮ್ಮ ಆಚಾರ್ಯರು ಎಷ್ಟೋ ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ.

ಸಂಜೆಯ ಹೊತ್ತು ನನ್ನ ಅಂಗಡಿಯ ಗೋಡೆಯ ಮೇಲಿನ ಟಿ.ವಿ.ಯಲ್ಲಿ ಕಾಣುವುದನ್ನು ಒಂದು ವಾರ ಗಮನವಿಟ್ಟು ನೋಡಿದೆನು. ಚಲನಚಿತ್ರ ನಟರೊಬ್ಬರ ದಾಂಪತ್ಯ ಮುರಿದರೆ ಗಂಡಹೆಂಡಿರು ಮೊಬೈಲಿನಲ್ಲಿ ಬರೆದುಕೊಂಡ ಮಾತುಗಳನ್ನು ಓದಿ ಹೇಳುತ್ತಾರೆ. ವಯಸ್ಸು ಮೀರಿದರೂ ಮದುವೆಯಾಗದ ನಟನಿದ್ದರೆ ಅವನ ಸ್ನೇಹಿತನ ಭಾವಚಿತ್ರವನ್ನು ಪಕ್ಕದಲ್ಲಿಟ್ಟು ದೊಡ್ಡದೊಂದು ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುತ್ತಾರೆ. ಆ ಚಿಹ್ನೆಯೇ ಅವರ ರಕ್ಷಾಕವಚ. ಆರೋಪ ಮಾಡಿದಂತೆಯೂ ಆಯಿತು, ಮಾಡಿಲ್ಲವೆಂದು ಜಾರಿಕೊಳ್ಳಲು ದಾರಿಯೂ ಉಳಿಯಿತು. ಇನ್ನೊಬ್ಬರ ಮುಖಭಾವ, ಚಲನವಲನಗಳಿಂದ ಅಂತರಂಗವನ್ನು ಊಹಿಸಿ ಹೊರಗೆಡಹುವ ‘ಸಾಕಾರಮಂತ್ರಭೇದ’ವೆಂಬ ಅತಿಚಾರಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ.

ಇದು ಬರಿಯ ವಿನೋದವೆಂದು ತಿಳಿಯುವವರು ಒಂದು ಸಾವಿನ ಸಂಗತಿಯನ್ನು ನೆನೆಯಬೇಕು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರಾಗಿದ್ದ ರಾಮಚಂದ್ರ ಸಿರಸ್ ಅವರು ಕವಿಗಳಾಗಿದ್ದರು. ಸೇವಾನಿವೃತ್ತಿಗೆ ಕೆಲವೇ ತಿಂಗಳುಗಳಿದ್ದವು. 2010ರ ಫೆಬ್ರುವರಿಯ ಒಂದು ರಾತ್ರಿ ಕ್ಯಾಮೆರಾ ಹಿಡಿದವರು ಅವರ ಮನೆಗೆ ನುಗ್ಗಿ, ಇನ್ನೊಬ್ಬ ಪುರುಷನೊಂದಿಗೆ ಅವರು ಏಕಾಂತದಲ್ಲಿದ್ದುದನ್ನು ಚಿತ್ರೀಕರಿಸಿದರು. ವಿಶ್ವವಿದ್ಯಾಲಯವು ಮನೆಗೆ ನುಗ್ಗಿದವರ ತಪ್ಪನ್ನು ಮೊದಲು ಕೇಳುವ ಬದಲು ಪ್ರಾಧ್ಯಾಪಕರನ್ನೇ ಅಮಾನತುಗೊಳಿಸಿತು. ಏಪ್ರಿಲ್ 1ರಂದು ಅಲಹಾಬಾದ್ ಉಚ್ಚ ನ್ಯಾಯಾಲಯವು ಆ ಆಜ್ಞೆಗೆ ತಡೆ ನೀಡಿತು. ಏಪ್ರಿಲ್ 7ರಂದು ಅವರು ತಮ್ಮ ಬಾಡಿಗೆ ಮನೆಯಲ್ಲಿ ಶವವಾಗಿ ದೊರೆತರು. ನ್ಯಾಯಾಲಯದ ರಕ್ಷಣೆ ದೊರೆತು ಒಂದು ವಾರವೂ ಆಗಿರಲಿಲ್ಲ. ಮುಂದೆ ‘ಅಲೀಗಢ’ ಎಂಬ ಹಿಂದಿ ಚಲನಚಿತ್ರ ಈ ಕಥೆಯನ್ನು ದೇಶಕ್ಕೆ ತಿಳಿಸಿತು.

ಮರುವರ್ಷ, 2011ರ ಫೆಬ್ರುವರಿಯಲ್ಲಿ, ಹೈದರಾಬಾದಿನ ಟಿವಿ9 ವಾಹಿನಿಯು ಆ ನಗರದ ಸಲಿಂಗಪ್ರೇಮಿಗಳನ್ನು ಕುರಿತು ವರದಿಯೊಂದನ್ನು ಬಿತ್ತರಿಸಿತು. ಜಾಲತಾಣವೊಂದರಲ್ಲಿ ಹೆಸರು ನೋಂದಾಯಿಸಿದ್ದ ಯುವಕರ ಭಾವಚಿತ್ರಗಳನ್ನೂ, ಮೋಸದಿಂದ ಪಡೆದ ದೂರವಾಣಿ ಸಂಭಾಷಣೆಗಳನ್ನೂ ಅದರಲ್ಲಿ ಸಾರ್ವಜನಿಕಗೊಳಿಸಲಾಗಿತ್ತು. ಸುದ್ದಿವಾಹಿನಿಗಳು ತಾವೇ ರಚಿಸಿಕೊಂಡಿದ್ದ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಅಧ್ಯಕ್ಷತೆಯ ಪ್ರಾಧಿಕಾರವು ಮಾರ್ಚ್ ತಿಂಗಳಲ್ಲಿ ಆ ವಾಹಿನಿಗೆ 1 ಲಕ್ಷ ರೂಪಾಯಿ ದಂಡ ವಿಧಿಸಿ, ವೀಕ್ಷಕರ ಕ್ಷಮೆ ಯಾಚಿಸಬೇಕೆಂದು ಆಜ್ಞಾಪಿಸಿತು. ಅದೇ ಬಳಗದ ಕನ್ನಡ ವಾಹಿನಿ ನಮ್ಮ ಮನೆಗಳಿಗೂ ಪರಿಚಿತವೇ. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ 1 ಲಕ್ಷ ರೂಪಾಯಿ ಜಾಹೀರಾತಿನ ಒಂದು ಸಣ್ಣ ಅಂಶ ಮಾತ್ರ. ಬಯಲಿಗೆ ಬಿದ್ದ ಹುಡುಗರು ತೆತ್ತ ಬೆಲೆಯನ್ನು ಯಾವ ಖಾತೆಯಲ್ಲಿ ಬರೆಯುವುದು?

ದೂರದ ಊರುಗಳ ಕಥೆಯೆಂದು ನಾವು ಸಮಾಧಾನಪಡುವಂತಿಲ್ಲ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದರಲ್ಲಿ ಹುಟ್ಟುಹಬ್ಬಕ್ಕೆಂದು ಸೇರಿದ್ದ ಯುವಕ ಯುವತಿಯರ ಮೇಲೆ ಗುಂಪೊಂದು ದಾಳಿ ನಡೆಸಿದುದನ್ನು ನಮ್ಮ ಜಿಲ್ಲೆ ಟಿ.ವಿ.ಯಲ್ಲಿ ಕಂಡಿತು. ದಾಳಿಯ ಕ್ರೌರ್ಯ ಬೆಳಕಿಗೆ ಬರಲು ಆ ದೃಶ್ಯಗಳು ನೆರವಾದವೆಂಬುದು ನಿಜ. ಆದರೆ ಆ ಹೆಣ್ಣುಮಕ್ಕಳ ಅವಮಾನವೂ ಮನೆಮನೆಯ ನೋಟವಾಯಿತೆಂಬುದೂ ಅಷ್ಟೇ ನಿಜ. ಅನ್ಯಾಯ ಮಾಡಿದವನ ಮುಖ ತೋರಿಸುವುದು ಒಂದು, ಅನ್ಯಾಯಕ್ಕೆ ಗುರಿಯಾದವಳ ಮುಖ ತೋರಿಸುವುದು ಇನ್ನೊಂದು. ಈ ವಿವೇಕವಿಲ್ಲದ ಕ್ಯಾಮೆರಾ ಹೊಡೆಯುವ ಕೈಗಿಂತ ಬಹಳ ದೂರದಲ್ಲಿಲ್ಲ.

ಈ ನಡುವೆ ನಮ್ಮ ದೇಶದ ಕಾನೂನು ಬದಲಾಗಿದೆ. 1860ರಲ್ಲಿ ಬ್ರಿಟಿಷರು ರಚಿಸಿದ ದಂಡಸಂಹಿತೆಯ 377ನೆಯ ಕಲಮನ್ನು ದೆಹಲಿ ಉಚ್ಚ ನ್ಯಾಯಾಲಯವು 2009ರಲ್ಲಿ ಸಡಿಲಗೊಳಿಸಿತು. 2013ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. 2018ರ ಸೆಪ್ಟೆಂಬರ್ 6ರಂದು ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಾಯಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಮಾತ್ರ ಅದೇ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ.

ನನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಸ್ವದಾರಸಂತೋಷವೇ ಗೃಹಸ್ಥನ ಮೇರೆಯೆಂದು ನಂಬಿದವನು ನಾನು. ಆ ನಂಬಿಕೆ ಇಂದಿಗೂ ಬದಲಾಗಿಲ್ಲ. ಆದರೂ 2018ರ ತೀರ್ಪು ಸರಿಯೆಂದೇ ಭಾವಿಸುತ್ತೇನೆ. ವ್ರತವೆಂಬುದು ಒಳಗಿನಿಂದ ಸ್ವೀಕರಿಸತಕ್ಕದ್ದು, ಪೊಲೀಸರ ಲಾಠಿಯಿಂದ ಹೇರತಕ್ಕದ್ದಲ್ಲ. ರಾತ್ರಿಭೋಜನ ಮಾಡುವವನನ್ನು ಸೆರೆಮನೆಗೆ ಹಾಕಬೇಕೆಂದು ಯಾವ ಜೈನನೂ ಬೇಡಿದ್ದಿಲ್ಲ.

ಬ್ರಹ್ಮಚರ್ಯಾಣುವ್ರತದ ಅತಿಚಾರಗಳಲ್ಲಿ ‘ಅನಂಗಕ್ರೀಡೆ’ಯನ್ನು ಹೇಳಿಲ್ಲವೇ ಎಂದು ಕೆಲವು ಹಿರಿಯರು ಕೇಳಬಹುದು. ಹೇಳಿದೆ. ಆದರೆ ಆ ಸೂತ್ರವನ್ನು ಮೊದಲಿನಿಂದ ಓದಬೇಕು. ಅಲ್ಲಿ ಮೊತ್ತಮೊದಲು ನಿಂತಿರುವುದು ‘ಪರವಿವಾಹಕರಣ’, ಎಂದರೆ ಇತರರ ಮದುವೆ ಮಾಡಿಸಲು ಹಾತೊರೆಯುವುದು. ಕೊನೆಯಲ್ಲಿರುವುದು ಕಾಮದ ತೀವ್ರ ಅಭಿನಿವೇಶ. ಮಗನಿಗೆ ಹೆಣ್ಣಿನಲ್ಲಿ ಮನಸ್ಸಿಲ್ಲವೆಂದು ತಿಳಿದೂ, ‘ಮದುವೆಯಾದರೆ ಎಲ್ಲವೂ ಸರಿಹೋಗುತ್ತದೆ’ ಎಂದು ಯಾರದೋ ಮನೆಯ ಮುಗ್ಧ ಹುಡುಗಿಯನ್ನು ತಂದು ಕಟ್ಟುವವರು, ನಟನಟಿಯರ ಶಯನಗೃಹದ ಸುದ್ದಿಯನ್ನು ಊಟದ ಹೊತ್ತಿಗೆ ಸವಿಯುವವರು, ಇದೇ ಸೂತ್ರದ ಆದಿಯನ್ನೂ ಅಂತ್ಯವನ್ನೂ ಬಿಟ್ಟು ನಡುವಿನ ಒಂದೇ ಪದವನ್ನು ಆರಿಸಿ ಇನ್ನೊಬ್ಬರತ್ತ ಬೆರಳು ತೋರಿಸುವುದು ಸ್ವಾಧ್ಯಾಯವೆನಿಸದು.

ನಮ್ಮ ಸಿದ್ಧಾಂತಗ್ರಂಥಗಳು ಈ ವಿಷಯದಲ್ಲಿ ಟಿ.ವಿ.ಯ ಪಂಡಿತರಿಗಿಂತ ಬಹು ಸೂಕ್ಷ್ಮವಾಗಿವೆ. ಶರೀರದ ಲಿಂಗವನ್ನು ದ್ರವ್ಯವೇದವೆಂದೂ, ಅಂತರಂಗದ ಕಾಮಭಾವವನ್ನು ಭಾವವೇದವೆಂದೂ ಅವು ಬೇರ್ಪಡಿಸಿವೆ. ಇವೆರಡೂ ಕೆಲವರಲ್ಲಿ ಹೊಂದಿಕೆಯಾಗದಿರಬಹುದೆಂದು ಒಪ್ಪಿವೆ. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದಲ್ಲಿ ಪುರುಷವೇದವನ್ನು ಹುಲ್ಲಿನ ಬೆಂಕಿಗೂ, ಸ್ತ್ರೀವೇದವನ್ನು ಬೆರಣಿಯ ಬೆಂಕಿಗೂ, ನಪುಂಸಕವೇದವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೂ ಹೋಲಿಸಿದ್ದಾರೆ. ಮೂರೂ ಬೆಂಕಿಗಳೇ. ‘ನನ್ನದು ಶುದ್ಧ, ನಿನ್ನದು ಕೊಳಕು’ ಎಂದು ಹುಲ್ಲಿನ ಬೆಂಕಿ ಆವಿಗೆಯ ಬೆಂಕಿಯನ್ನು ಹಳಿಯಲು ಆ ಹೋಲಿಕೆಯಲ್ಲಿ ಎಡೆಯಿಲ್ಲ. ಮೂರೂ ಮೋಹನೀಯ ಕರ್ಮದ ಉದಯದಿಂದ ಬಂದವು, ಮೂರೂ ಆರಬೇಕಾದವು.

ಈ ಭೇದದ ಆಧಾರವು ನಮ್ಮ ಊರಿನಲ್ಲಿಯೇ ಇದೆ. ಗುರುಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಧವಲಾ ತಾಡಪ್ರತಿಗಳಲ್ಲಿ, ಷಟ್ಖಂಡಾಗಮದ ಒಂದು ಸೂತ್ರದಲ್ಲಿರುವ ‘ಸಂಜದ’ ಎಂಬ ಪದದ ಬಗ್ಗೆ ಕಳೆದ ಶತಮಾನದಲ್ಲಿ ವಿದ್ವಾಂಸರೊಳಗೆ ದೊಡ್ಡ ವಾದವೇ ನಡೆಯಿತು. ಸ್ತ್ರೀಗೆ ಸಕಲಸಂಯಮವನ್ನು ಹೇಳುವ ಆ ಪದವನ್ನು ದಿಗಂಬರ ಪರಂಪರೆಯು ಭಾವವೇದದಿಂದ ಅರ್ಥೈಸುತ್ತದೆ: ಶರೀರದಿಂದ ಪುರುಷನಾಗಿದ್ದು ಭಾವದಿಂದ ಸ್ತ್ರೀವೇದವುಳ್ಳವನು ಅಲ್ಲಿ ಉದ್ದಿಷ್ಟನು. ಅಂಥವನೂ ಕ್ಷಪಕಶ್ರೇಣಿಯನ್ನು ಏರಬಲ್ಲನು, ಒಂಬತ್ತನೆಯ ಗುಣಸ್ಥಾನದಲ್ಲಿ ವೇದವನ್ನು ಕ್ಷಯಿಸಬಲ್ಲನು ಎಂಬುದು ನಮ್ಮ ಸಿದ್ಧಾಂತ. ಸಮೀಪದ ನೆಲ್ಲಿಕಾರಿನಲ್ಲಿ 1923ರಲ್ಲಿ ಜನಿಸಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಪದ್ಮನಾಭ ಜೈನಿಯವರು ತಮ್ಮ 1991ರ ‘ಜೆಂಡರ್ ಅಂಡ್ ಸಾಲ್ವೇಶನ್’ ಗ್ರಂಥದಲ್ಲಿ ಈ ವಾದಪರಂಪರೆಯನ್ನು ಜಗತ್ತಿಗೆ ಪರಿಚಯಿಸಿದರು. ದ್ರವ್ಯನಪುಂಸಕನಿಗೆ ಮುನಿದೀಕ್ಷೆಯಿಲ್ಲವೆಂಬುದೂ ಶಾಸ್ತ್ರದಲ್ಲಿದೆ, ಅದನ್ನು ಮರೆಮಾಚುವುದಿಲ್ಲ. ಆದರೆ ಭಾವ ಭಿನ್ನವಾದುದರಿಂದಲೇ ಒಬ್ಬನು ಮೋಕ್ಷಮಾರ್ಗಕ್ಕೆ ಹೊರಗಾದನೆಂದು ನಮ್ಮ ಆಗಮ ಹೇಳಲಿಲ್ಲ. ಆಗಮವು ಮುಚ್ಚದ ಬಾಗಿಲನ್ನು ಬಸದಿಯ ಜಗಲಿಯ ಹರಟೆ ಮುಚ್ಚಬಾರದು.

ಪರದೆಯೆಲ್ಲವೂ ಕೆಟ್ಟುದೆಂಬುದು ನನ್ನ ವಾದವಲ್ಲ. ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆಯನ್ನು ಆಧರಿಸಿ ಬಿ. ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ ಅವಳು’ ಕನ್ನಡ ಚಲನಚಿತ್ರದ ಅಭಿನಯಕ್ಕಾಗಿ ಸಂಚಾರಿ ವಿಜಯ್ ಅವರಿಗೆ 2015ರಲ್ಲಿ ರಾಷ್ಟ್ರಪ್ರಶಸ್ತಿ ದೊರೆಯಿತು. ಆ ಚಿತ್ರವೂ ಒಬ್ಬರ ಅಂತರಂಗವನ್ನೇ ತೋರಿಸುತ್ತದೆ. ಆದರೆ ಅಲ್ಲಿ ಆ ಅಂತರಂಗದ ಒಡತಿಯೇ ತನ್ನ ಕಥೆಯನ್ನು ತಾನಾಗಿ ಬರೆದು ಕೊಟ್ಟಿದ್ದಾಳೆ. ನ್ಯಾಸವನ್ನು ಇಟ್ಟವರು ತಾವೇ ತೆಗೆದು ತೋರಿಸುವುದಕ್ಕೂ, ಕಾವಲಿದ್ದವನು ಕದ್ದು ಮಾರುವುದಕ್ಕೂ ಇರುವ ಅಂತರವಿದು. 2021ರ ಜೂನ್‌ನಲ್ಲಿ ಅದೇ ವಿಜಯ್ ಅಪಘಾತಕ್ಕೀಡಾಗಿ ಆಸ್ಪತ್ರೆಯಲ್ಲಿದ್ದಾಗ, ಪ್ರಾಣ ಹೋಗುವ ಮುನ್ನವೇ ಶ್ರದ್ಧಾಂಜಲಿಗಳು ಹರಿದಾಡಿದವು. ಕುಟುಂಬದವರು ಆ ದುಃಖದ ನಡುವೆಯೂ ಅಂಗದಾನಕ್ಕೆ ಒಪ್ಪಿದರು. ಸುದ್ದಿಗೆ ಅವಸರವಿತ್ತು, ದಾನಕ್ಕೆ ಗಾಂಭೀರ್ಯವಿತ್ತು.

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಸಮಂತಭದ್ರಾಚಾರ್ಯರು ಅದಕ್ಕೆ ಜಿನೇಂದ್ರಭಕ್ತನೆಂಬ ಶ್ರೇಷ್ಠಿಯನ್ನು, ಎಂದರೆ ನಮ್ಮಂಥ ಒಬ್ಬ ವ್ಯಾಪಾರಿಯನ್ನು, ನಿದರ್ಶನವಾಗಿ ಕೊಟ್ಟಿದ್ದಾರೆ. ವ್ರತಿಯ ವೇಷದಲ್ಲಿ ಬಂದು ಚೈತ್ಯಾಲಯದ ರತ್ನವನ್ನು ಕದ್ದವನನ್ನು ಅವನು ಜನರೆದುರು ಹರಾಜು ಹಾಕಲಿಲ್ಲ, ಏಕಾಂತದಲ್ಲಿ ಹೊರಗೆ ಕಳುಹಿಸಿದನು. ಆದರೆ ಕಳ್ಳನ ಕೈಯಲ್ಲಿ ರತ್ನವನ್ನು ಉಳಿಸಿ ಕಳುಹಿಸಿದನೆಂದು ಯಾರೂ ಓದಬಾರದು. ಮಗುವಿನ ಮೇಲೆ ಅಥವಾ ಒಪ್ಪಿಗೆಯಿಲ್ಲದವರ ಮೇಲೆ ನಡೆದ ದೌರ್ಜನ್ಯವನ್ನು ‘ಮನೆತನದ ಮಾನ’ವೆಂದು ಮುಚ್ಚುವುದು ಉಪಗೂಹನವಲ್ಲ, ಅದು ಹಿಂಸೆಯ ಅನುಮೋದನೆ. ಅಲ್ಲಿ ಪೊಲೀಸರಿಗೆ ದೂರು ಕೊಡುವುದೇ ಧರ್ಮ. ಇಬ್ಬರು ವಯಸ್ಕರ ಏಕಾಂತವಾದರೋ ಆ ಜಾತಿಯದಲ್ಲ.

ಇಷ್ಟನ್ನು ಬರೆಯಲು ನನಗೇನು ಅಧಿಕಾರವೆಂದು ಕೇಳಿದರೆ, ಒಂದು ತಪ್ಪಿನ ಅಧಿಕಾರ. ಇಪ್ಪತ್ತು ವರ್ಷಗಳ ಹಿಂದೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಪರಿಚಿತರ ಮಗನೊಬ್ಬನ ನಡೆನುಡಿಯನ್ನು ಕುರಿತು ನಾನು ಊಹೆಯ ಮಾತೊಂದನ್ನು ಆಡಿ ಪಕ್ಕದವರನ್ನು ನಗಿಸಿದೆನು. ಯಾರೂ ನನ್ನನ್ನು ಕೇಳಿರಲಿಲ್ಲ. ಯಾವ ಹುಡುಗಿಯ ಸಂಬಂಧದ ಮಾತೂ ಅಲ್ಲಿರಲಿಲ್ಲ. ಬರಿಯ ನಗುವಿಗಾಗಿ ಆಡಿದ ಮಾತು. ಅದು ಪಾಯಸ ಬರುವುದಕ್ಕೆ ಮೊದಲೇ ಪಂಕ್ತಿಯ ತುದಿ ಮುಟ್ಟಿತು. ಆ ಹುಡುಗ ವರ್ಷದೊಳಗೆ ಊರು ಬಿಟ್ಟನು. ಅವನ ತಾಯಿ ನೋಂಪಿಯ ದಿನವೂ ಬಸದಿಗೆ ಒಬ್ಬಂಟಿಯಾಗಿ ಬಂದು, ಯಾರೊಡನೆಯೂ ಮಾತಾಡದೆ ಗಂಧೋದಕ ತೆಗೆದುಕೊಂಡು ಹೋಗುತ್ತಿದ್ದರು. ಆಗ ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪ್ರತಿಕ್ರಮಣದಲ್ಲಿ ಆ ಪಂಕ್ತಿ ಇಂದಿಗೂ ನನ್ನ ಕಣ್ಣೆದುರು ನಿಲ್ಲುತ್ತದೆ.

ಬಸದಿಗಳ ಮೊಕ್ತೇಸರರಲ್ಲಿಯೂ ಮನೆಯ ಹಿರಿಯರಲ್ಲಿಯೂ ನನ್ನ ವಿನಂತಿ ಸಣ್ಣದು. ಮಕ್ಕಳ ಪಾಠಶಾಲೆಯಲ್ಲಿ ಸತ್ಯಾಣುವ್ರತವನ್ನು ಕಲಿಸುವಾಗ ರಹೋಭ್ಯಾಖ್ಯಾನವನ್ನು ಅರ್ಥಸಹಿತವಾಗಿ, ಟಿ.ವಿ.ಯ ಮತ್ತು ಮೊಬೈಲಿನ ಉದಾಹರಣೆಯೊಡನೆ ಕಲಿಸೋಣ. ಯಾರದೇ ಮನೆಯ ಮಗನೋ ಮಗಳೋ ಭಿನ್ನವೆಂದು ತಿಳಿದುಬಂದರೆ ಆ ಮನೆಯವರ ಪೂಜೆಯ ಸರದಿಯನ್ನೂ ಪಂಕ್ತಿಯ ಸ್ಥಾನವನ್ನೂ ತಪ್ಪಿಸದಿರೋಣ. ಒಲ್ಲದವರನ್ನು ಮದುವೆಯ ಚಪ್ಪರಕ್ಕೆ ಎಳೆಯದಿರೋಣ. ಮತ್ತು ಇನ್ನೊಬ್ಬರ ಮನೆಯ ಒಳಕೋಣೆ ಪರದೆಯ ಮೇಲೆ ಮೂಡಿದಾಗ ಟಿ.ವಿ.ಯನ್ನು ಆರಿಸಿಬಿಡೋಣ. ಕೃತ, ಕಾರಿತ, ಅನುಮೋದಿತವೆಂದು ಪಾಪಕ್ಕೆ ಮೂರು ಬಾಗಿಲುಗಳನ್ನು ನಮ್ಮವರು ಹೇಳಿದ್ದಾರೆ. ಸುದ್ದಿ ಮಾಡುವುದು ನಮ್ಮ ಕೈಯಲ್ಲಿಲ್ಲ, ಮಾಡಿಸುವುದೂ ಇಲ್ಲ. ಕುಳಿತು ನೋಡಿ ಅನುಮೋದಿಸುವ ಮೂರನೆಯ ಬಾಗಿಲಿನ ಅಗಳಿ ಮಾತ್ರ ನಮ್ಮ ಕೈಯಲ್ಲಿಯೇ ಇದೆ.