ಪಳಗಿದ ಆನೆ, ಕಾಣದ ಖೆಡ್ಡಾ: ವನ್ಯಜೀವಿ ಸಾಕ್ಷ್ಯಚಿತ್ರಗಳಲ್ಲಿ ಮನುಷ್ಯ–ಪ್ರಾಣಿ ಬಾಂಧವ್ಯ

ವನ್ಯಜೀವಿಗಳನ್ನು ಕುರಿತ ಸಾಕ್ಷ್ಯಚಿತ್ರಗಳನ್ನು ನಾವು ಸಾಮಾನ್ಯವಾಗಿ ಮಾಹಿತಿಯ ಆಕರಗಳೆಂದೋ ದೃಶ್ಯವೈಭವವೆಂದೋ ಸ್ವೀಕರಿಸಿ ಸುಮ್ಮನಾಗುತ್ತೇವೆ. ನಿರೂಪಕ ಯಾರು, ಯಾರ ಕಣ್ಣಿನಿಂದ ನೋಡುತ್ತಿದ್ದೇವೆ, ಕಥೆ ಯಾವ ಕ್ಷಣದಿಂದ ಆರಂಭವಾಗುತ್ತದೆ ಎಂಬಂಥ ಪ್ರಶ್ನೆಗಳನ್ನು ಕಥಾಚಿತ್ರಕ್ಕೆ ಕೇಳುವಷ್ಟು ಸಲೀಸಾಗಿ ಇವುಗಳಿಗೆ ಕೇಳುವುದಿಲ್ಲ. ಕಾಡು ಇದ್ದ ಹಾಗೆಯೇ ತೆರೆಯ ಮೇಲೆ ಬಂದಿದೆಯೆಂಬ ನಂಬಿಕೆಯೇ ಇದಕ್ಕೆ ಕಾರಣವಿರಬಹುದು. ಮನುಷ್ಯನಿಗೂ ಕಾಡುಪ್ರಾಣಿಗೂ ನಡುವಣ ಬಾಂಧವ್ಯವನ್ನು ವಸ್ತುವಾಗಿ ಉಳ್ಳ ಚಿತ್ರಗಳ ವಿಷಯದಲ್ಲಂತೂ ಈ ಸುಮ್ಮನಾಗುವಿಕೆ ಇನ್ನೂ ಹೆಚ್ಚು. ಕಣ್ಣಲ್ಲಿ ನೀರು ತರಿಸಿದ ಚಿತ್ರವನ್ನು ಪ್ರಶ್ನಿಸುವುದು ಒರಟುತನವೆಂದು ತೋರುತ್ತದೆ. ಪ್ರಸ್ತುತ ಲೇಖನ ಆ ಒರಟುತನವನ್ನು ತುಸು ಮಟ್ಟಿಗೆ ಮಾಡಹೊರಟಿದೆ. ಬಾಂಧವ್ಯದ ಚಿತ್ರಗಳು ಬಹುಮಟ್ಟಿಗೆ ಪ್ರಾಣಿಯು ಮನುಷ್ಯನ ಕೈಸೇರಿದ ಅನಂತರವೇ ಆರಂಭವಾಗುತ್ತವೆ; ಅದು ಹೇಗೆ ಕೈಸೇರಿತು ಎಂಬ ಭಾಗ ಚೌಕಟ್ಟಿನ ಹೊರಗೆ ಉಳಿಯುತ್ತದೆ. ಮೈಸೂರು ಸೀಮೆಯ ಆನೆಗಳ ಚರಿತ್ರೆ ಬಲ್ಲವರಿಗೆ ಆ ಹೊರಗುಳಿದ ಭಾಗ ಚಿತ್ರದೊಳಗಿನ ಭಾಗದಷ್ಟೇ ಮುಖ್ಯ.

ಈ ಬಗೆಯ ಚಿತ್ರಗಳ ಮೂಲಮಾದರಿಯೊಂದು ನಮ್ಮ ನೆಲದಲ್ಲಿಯೇ ತಯಾರಾಯಿತು. 'ನಾನೂಕ್ ಆಫ್ ದಿ ನಾರ್ತ್' (1922) ಮೂಲಕ ಸಾಕ್ಷ್ಯಚಿತ್ರದ ಆದ್ಯರಲ್ಲಿ ಒಬ್ಬನೆನಿಸಿದ ರಾಬರ್ಟ್ ಫ್ಲಾಹರ್ಟಿ 1935ರಲ್ಲಿ ಮೈಸೂರಿಗೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರದ ನೆರವಿನಿಂದ ಇಲ್ಲಿನ ಕಾಡುಗಳಲ್ಲಿ ಚಿತ್ರೀಕರಣ ನಡೆಸಿದನು. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿದ 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ಸ್ಟುಡಿಯೋ ದೃಶ್ಯಗಳನ್ನು ಇಂಗ್ಲೆಂಡಿನಲ್ಲಿ ಜೋಲ್ಟಾನ್ ಕೋರ್ಡಾ ತೆಗೆದನು. ನಾಯಕನಾದವನು ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನೊಬ್ಬನ ಮಗನಾದ ಸಾಬು. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಸಾಕ್ಷ್ಯಚಿತ್ರವಲ್ಲ. ಆದರೆ ಆನೆಯ ಕಾಲಬುಡದಲ್ಲಿ ಹುಡುಗ ನಿಂತಿರುವ ಆ ಬಿಂಬಗಳಿಗೆ ಸಾಕ್ಷ್ಯದ ತೂಕವಿದೆ. ಅವನ ಮೈ ಆನೆಯ ಮೈಯನ್ನು ಬಲ್ಲದು ಎಂಬುದು ನಟನೆಯಿಂದ ಬರುವಂಥದಲ್ಲ.

ಕಥೆಯ ಗತಿಯನ್ನು ಮಾತ್ರ ಗಮನಿಸಬೇಕು. ತಂದೆ ಹುಲಿಗೆ ಬಲಿಯಾಗುತ್ತಾನೆ. ಆನೆ ಕಾಲಾ ನಾಗ್ ಶೋಕದಿಂದ ಕೆರಳುತ್ತದೆ. ಹುಡುಗ ಅದನ್ನು ಕರೆದುಕೊಂಡು ಕಾಡು ಹೊಕ್ಕು ಆನೆಗಳ ನೃತ್ಯವನ್ನು ಕಾಣುತ್ತಾನೆ. ಈ ದರ್ಶನದ ಫಲವೇನು? ಕಾಡಾನೆಗಳ ಹಿಂಡು ಎಲ್ಲಿದೆಯೆಂಬುದು ಆನೆ ಹಿಡಿಯಲು ಬಂದ ದೊರೆಗೆ ತಿಳಿಯುತ್ತದೆ. ಒಂದು ಆನೆಯ ಮೇಲಿನ ಪ್ರೀತಿಯೇ ಇಡೀ ಹಿಂಡನ್ನು ಹಿಡಿಯುವವರ ಕೈಗೆ ಒಪ್ಪಿಸುವ ದಾರಿಯಾಗುತ್ತದೆ. ಚಿತ್ರ ಇದನ್ನು ದುರಂತವೆಂದು ಕಾಣುವುದಿಲ್ಲ. ಹುಡುಗನ ವಿಜಯವೆಂದು ಸಂಭ್ರಮಿಸುತ್ತದೆ. ವೆನಿಸ್ ಚಿತ್ರೋತ್ಸವದ ನಿರ್ದೇಶನ ಪ್ರಶಸ್ತಿಯೂ ಅದಕ್ಕೆ ಬಂದಿತು. ಸಾಬು ಲಂಡನ್ನಿಗೆ, ಅಲ್ಲಿಂದ ಹಾಲಿವುಡ್ಡಿಗೆ ಹೋದನು. 1963ರಲ್ಲಿ, ನಲವತ್ತು ತುಂಬುವ ಮೊದಲೇ, ಅಮೆರಿಕದಲ್ಲಿ ತೀರಿಕೊಂಡನು. ಹುಡುಗನೂ ಒಂದು ಬಗೆಯಲ್ಲಿ ಕಾಡಿನಿಂದ ಹಿಡಿದು ತಂದವನೇ ಎಂದರೆ ಅತಿಯಾಗದು.

ಚೌಕಟ್ಟಿನ ಹೊರಗಿನ ಚರಿತ್ರೆಯನ್ನು ಇಲ್ಲಿ ನೆನೆಯುವುದು ಅಗತ್ಯ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಯಶಸ್ವಿಯಾದ ಮೇಲೆ ಈ ಪದ್ಧತಿ ಮೈಸೂರಿನಲ್ಲಿ ಬೇರೂರಿತು. ಹಿಂಡನ್ನು ಸುತ್ತುವರಿದು, ಗದ್ದಲವೆಬ್ಬಿಸಿ, ಮರದ ದಿಮ್ಮಿಗಳ ಆವರಣದೊಳಕ್ಕೆ ಅಟ್ಟಿ, ಪಳಗಿದ ಆನೆಗಳ ನೆರವಿನಿಂದ ಒಂದೊಂದನ್ನೇ ಹಗ್ಗದಿಂದ ಬಿಗಿಯುವ ಕ್ರಮವದು. ಕಾಕನಕೋಟೆಯ ಖೆಡ್ಡಾ ರಾಜಮನೆತನದ ಅತಿಥಿಗಳಿಗೆ ಒಂದು ಉತ್ಸವವೇ ಆಗಿತ್ತು. ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಬಿನಿ ಅಣೆಕಟ್ಟು ಮುಗಿದಾಗ ಆ ಖೆಡ್ಡಾ ನೆಲದ ಬಹುಭಾಗ ನೀರಿನಡಿ ಸೇರಿತು. ಆದರೆ ಖೆಡ್ಡಾದ ಆನೆಗಳು ಅದಾದ ಮೇಲೆಯೂ ಅರ್ಧ ಶತಮಾನ ನಮ್ಮ ನಡುವೆ ಇದ್ದವು. 2012ರಿಂದ 2019ರವರೆಗೆ ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ ಕಾಕನಕೋಟೆಯಲ್ಲಿ 1968ರಲ್ಲಿ ಸೆರೆಸಿಕ್ಕವನು. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಂದರ ದಾಳಿಗೆ ಸಿಲುಕಿ ಸತ್ತನು. ಮಾವುತರ ಗೋಳು ದೂರದರ್ಶನ ವಾಹಿನಿಗಳಲ್ಲಿ ದಿನವಿಡೀ ಬಿತ್ತರವಾಯಿತು. ಆ ದುಃಖ ನಿಜವಾದದ್ದು. ಅದರ ಜೊತೆಗೇ, ಕಾಡಿನಿಂದ ಹಿಡಿದು ತಂದ ಆನೆಯನ್ನು ಮತ್ತೊಂದು ಕಾಡಾನೆಯನ್ನು ಹಿಡಿಯಲು ಕಳುಹಿಸಿದ್ದೆವು ಎಂಬುದೂ ನಿಜ. 'ಎಲಿಫೆಂಟ್ ಬಾಯ್' ಕಥೆಯ ತರ್ಕ ಎಂಬತ್ತಾರು ವರ್ಷಗಳಾದರೂ ಬದಲಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ 'ದಿ ಎಲಿಫೆಂಟ್ ವಿಸ್ಪರರ್ಸ್' (2022) ಚಿತ್ರವನ್ನು ನೋಡಬಹುದು. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶಿಸಿದ, 2023ರಲ್ಲಿ ಆಸ್ಕರ್ ಪಡೆದ ಈ ಕಿರು ಸಾಕ್ಷ್ಯಚಿತ್ರದ ನೆಲೆ ನಮ್ಮ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ತೆಪ್ಪಕಾಡು ಆನೆ ಶಿಬಿರ. ತಾಯಿಯನ್ನು ಕಳೆದುಕೊಂಡ ಮರಿಯಾನೆ ರಘು, ಅದನ್ನು ಸಾಕುವ ಕಾಟ್ಟುನಾಯಕ ಸಮುದಾಯದ ಬೊಮ್ಮನ್ ಮತ್ತು ಬೆಳ್ಳಿ. ಮಗಳನ್ನು ಕಳೆದುಕೊಂಡ ಬೆಳ್ಳಿ ಮರಿಯನ್ನು ತಬ್ಬಿಕೊಳ್ಳುವ ದೃಶ್ಯಗಳಲ್ಲಿ ಕೃತಕತೆಯಿಲ್ಲ. ಕ್ಯಾಮೆರಾ ಅವಸರಪಡದೆ ಕಾಯುತ್ತದೆ. ಬೆಟ್ಟ, ಮಳೆ, ಒಲೆಯ ಹೊಗೆ ಎಲ್ಲವೂ ತಮ್ಮ ಪಾಡಿಗೆ ಬರುತ್ತವೆ. ಖೆಡ್ಡಾದ ಆನೆಯಂತೆ ರಘುವನ್ನು ಯಾರೂ ಅಟ್ಟಿ ಹಿಡಿಯಲಿಲ್ಲವೆಂಬುದೂ ಮುಖ್ಯ. ಬರಗಾಲದಲ್ಲಿ ಮೇವು ಹುಡುಕಿ ಊರಿನತ್ತ ಬಂದ ತಾಯಿ ವಿದ್ಯುತ್ ತಗುಲಿ ಸತ್ತುದರಿಂದ ಅವನು ಶಿಬಿರ ಸೇರಿದನು.

ಆದರೆ ಆ ತಂತಿಯನ್ನು ಚಿತ್ರ ಒಂದು ಮಾತಿನಲ್ಲಿ ದಾಟಿಬಿಡುತ್ತದೆ. ಬೇಲಿ ಯಾರದು, ಮೇವು ಏಕೆ ಬತ್ತಿತು, ಹಿಂಡು ಮರಿಯನ್ನು ಏಕೆ ಮರಳಿ ಸ್ವೀಕರಿಸಲಿಲ್ಲ ಎಂಬುವು ಕಥೆಯ ಹೊಸ್ತಿಲಲ್ಲೇ ನಿಲ್ಲುತ್ತವೆ. ತೆಪ್ಪಕಾಡು ಶಿಬಿರ ಬ್ರಿಟಿಷರ ಕಾಲದಲ್ಲಿ ಮರಮುಟ್ಟು ಸಾಗಿಸುವ ಆನೆಗಳಿಗಾಗಿ ಹುಟ್ಟಿದ್ದು ಎಂಬ ಚರಿತ್ರೆಯಲ್ಲೂ ಚಿತ್ರ ತಂಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕೃತಿಯ ಅತ್ಯಂತ ಸತ್ಯವಾದ ಭಾಗವೆಂದರೆ, ಬೆಳೆದ ರಘುವನ್ನು ಇಲಾಖೆ ಬೇರೆ ಮಾವುತನಿಗೆ ಒಪ್ಪಿಸುವ ಘಟನೆ. ಅಲ್ಲಿ ಮಾತ್ರ ಬಾಂಧವ್ಯದ ಹಿಂದೆ ಒಂದು ಆಡಳಿತವಿದೆ, ಆನೆ ಸರ್ಕಾರದ ಸ್ವತ್ತು, ಸಾಕಿದವರಿಗೆ ಅದರ ಮೇಲೆ ಹಕ್ಕಿಲ್ಲ ಎಂಬುದು ಒಮ್ಮೆಲೇ ಬಯಲಾಗುತ್ತದೆ. ಇದನ್ನು ಹಿಡಿದು ಮುಂದುವರಿದಿದ್ದರೆ ಬೇರೆಯೇ ಚಿತ್ರವಾಗುತ್ತಿತ್ತು. ನಿರ್ದೇಶಕಿ ಅದನ್ನು ಅಗಲಿಕೆಯ ಶೋಕವಾಗಿ ಮಾತ್ರ ಬಿಡುತ್ತಾರೆ. ಮತ್ತೊಂದು ಮರಿ ಅಮ್ಮು ಸಾಂತ್ವನವಾಗುತ್ತದೆ.

ಇದಕ್ಕೆ ನೇರ ವಿರುದ್ಧ ತುದಿಯಲ್ಲಿರುವುದು 'ವೈಲ್ಡ್ ಕರ್ನಾಟಕ' (2019). ಅಮೋಘವರ್ಷ ಮತ್ತು ಕಲ್ಯಾಣ್ ವರ್ಮಾ ಅರಣ್ಯ ಇಲಾಖೆಯ ಸಹಯೋಗದಲ್ಲಿ ನಿರ್ಮಿಸಿದ ಈ ಚಿತ್ರದಲ್ಲಿ ಮನುಷ್ಯನಿಗೆ ಹೆಚ್ಚುಕಡಿಮೆ ಜಾಗವೇ ಇಲ್ಲ. ತಾಂತ್ರಿಕವಾಗಿ ಇದು ಕರ್ನಾಟಕದಲ್ಲಿ ಆದ ದೊಡ್ಡ ಸಾಧನೆ. ರಾಷ್ಟ್ರಪ್ರಶಸ್ತಿಗಳೂ ಬಂದವು, ಅವುಗಳಲ್ಲೊಂದು ಡೇವಿಡ್ ಆಟೆನ್‌ಬರೋ ಅವರ ನಿರೂಪಣೆಗೆ. ಜೇನುಕುರುಬರಿಲ್ಲದ ನಾಗರಹೊಳೆ, ದನಗಾಹಿಯಿಲ್ಲದ ಕುರುಚಲು ಕಾಡು ಕಣ್ಣಿಗೆ ಸೊಗಸು. ಆದರೆ ಹಾಗೆ ಖಾಲಿಯಾಗಿ ಕಾಣುವ ಕಾಡು ಖಾಲಿ ಮಾಡಿಸಿದ ಕಾಡೂ ಹೌದು. ಕನ್ನಡ ಅವತರಣಿಕೆಗೆ ರಿಷಬ್ ಶೆಟ್ಟಿ ದನಿ ನೀಡಿದ್ದಾರೆ. ಅವರ ದನಿಯ ಬಗ್ಗೆ ಆಕ್ಷೇಪವಿಲ್ಲ. ಇಂಗ್ಲಿಷಿನಲ್ಲಿ ಹುಟ್ಟಿದ ನಿರೂಪಣೆ ಕನ್ನಡಕ್ಕೆ ಇಳಿದಾಗ ಆಗುವ ನಷ್ಟದ ಬಗ್ಗೆ ಇದೆ. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಸಸ್ಯಗಳನ್ನು ಕುರಿತ ಗ್ರಂಥವಾದರೂ ಅದರಲ್ಲಿ ವಿದ್ಯಾರ್ಥಿಗಳಿದ್ದಾರೆ, ಹಸಿವಿದೆ, ತಮಾಷೆಯಿದೆ, ದಾರಿ ತೋರುವವರಿದ್ದಾರೆ. ನೋಡುವವನು ತಾನೂ ಕಾಡಿನಲ್ಲಿ ಕಾಲಿಟ್ಟಿದ್ದೇನೆಂಬುದನ್ನು ಮರೆಮಾಚದ ಈ ಗದ್ಯ ನಮ್ಮಲ್ಲಿ ಇದ್ದೂ, ಸಾಕ್ಷ್ಯಚಿತ್ರದ ಕನ್ನಡ ಮಾತ್ರ ಆಕಾಶವಾಣಿಯಂತೆ ಮೇಲಿನಿಂದ ಕೇಳಿಬರುತ್ತದೆ. ಅಮೋಘವರ್ಷರೇ ಅನಂತರ ಪುನೀತ್ ರಾಜ್‌ಕುಮಾರ್ ಅವರೊಡನೆ ಮಾಡಿದ 'ಗಂಧದಗುಡಿ' (2022) ಈ ಕೊರತೆಯನ್ನು ಸ್ವಲ್ಪ ತುಂಬಿದೆ. ಅಲ್ಲಿ ನಟ ತನ್ನ ಅಂಜಿಕೆ, ಅರಿಯದಿರುವಿಕೆಗಳನ್ನು ಮುಚ್ಚಿಡದೆ ಆಡುಮಾತಿನಲ್ಲಿ ಪ್ರಶ್ನೆ ಕೇಳುತ್ತಾರೆ. ಆದರೂ ಅವರ ಅಕಾಲ ಮರಣದ ಒಂದು ವರ್ಷಕ್ಕೆ ಬಿಡುಗಡೆಯಾದ ಚಿತ್ರವಾದ್ದರಿಂದ, ಪ್ರೇಕ್ಷಕರು ಕಂಡದ್ದು ಕಾಡಿಗಿಂತ ಮಿಗಿಲಾಗಿ ಅವರನ್ನೇ.

ಈ ಎರಡು ತುದಿಗಳ ನಡುವೆ ಮೂರನೆಯ ಸಾಧ್ಯತೆಯೊಂದಿದೆ. ಮೈಸೂರಿನ ಕೃಪಾಕರ–ಸೇನಾನಿ ವರ್ಷಗಟ್ಟಲೆ ಸೀಳುನಾಯಿಗಳ ಬೆನ್ನುಹತ್ತಿ ಮಾಡಿದ, 2010ರಲ್ಲಿ ವೈಲ್ಡ್‌ಸ್ಕ್ರೀನ್ ಉತ್ಸವದ ಪಾಂಡಾ ಪ್ರಶಸ್ತಿ ಪಡೆದ 'ದಿ ಪ್ಯಾಕ್' ಅತ್ತ ಬೆರಳು ಮಾಡುತ್ತದೆ. ಬ್ರಿಟಿಷರ ಕಾಲದಲ್ಲಿ ಕೊಂದವರಿಗೆ ಇನಾಮು ಸಿಗುತ್ತಿದ್ದ ಪ್ರಾಣಿಯಿದು. ಬಂಡೀಪುರದಲ್ಲಿ 1970ರ ದಶಕದಲ್ಲಿ ಎ.ಜೆ.ಟಿ. ಜಾನ್‌ಸಿಂಗ್ ಇವುಗಳನ್ನು ಅಧ್ಯಯನ ಮಾಡಿದಾಗ, ಸುತ್ತಣ ಜನ ಸೀಳುನಾಯಿಗಳನ್ನು ಓಡಿಸಿ ಅವು ಕೊಂದ ಜಿಂಕೆಯ ಮಾಂಸ ಒಯ್ಯುತ್ತಿದ್ದುದು ದಾಖಲಾಯಿತು. ಇದೂ ಒಂದು ಸಂಬಂಧವೇ. ಇದರಲ್ಲಿ ಅಪ್ಪುಗೆಯಿಲ್ಲ, ಸೆರೆಯೂ ಇಲ್ಲ. ಗುರುತು, ಲೆಕ್ಕಾಚಾರ, ಅಷ್ಟಿಷ್ಟು ಕಳವು ಇವೆ. ಸೀಳುನಾಯಿ ಯಾರ ಕೈಗೂ ಬರುವುದಿಲ್ಲವಾದ್ದರಿಂದ ಅದರೊಡನೆ ಬಾಂಧವ್ಯ ಬೇಕೆನ್ನುವವನು ಅದರ ದಾರಿಯಲ್ಲಿ ನಡೆಯಬೇಕಾಗುತ್ತದೆ.

ಈ ಚಿತ್ರಗಳನ್ನು ಆಸಕ್ತಿಯಿಂದ ನೋಡುವ ವಿದ್ಯಾವಂತ ನಗರ ಪ್ರೇಕ್ಷಕ ಎಲ್ಲಿ ಕುಳಿತಿದ್ದಾನೆ ಎಂಬುದನ್ನೂ ವಿಮರ್ಶೆ ಕೇಳಬೇಕು. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಂಥ ಬೆಂಗಳೂರಿನ ಹಳೆಯ ಬಡಾವಣೆಗಳು ಅವನ ಒಂದು ಮುಖ್ಯ ನೆಲೆ. ಅವನ ನಲ್ಲಿಯಲ್ಲಿ ಬರುವುದು ಕಬಿನಿಯನ್ನು ಕೂಡಿಸಿಕೊಂಡ ಕಾವೇರಿಯ ನೀರು, ಖೆಡ್ಡಾ ನೆಲದ ಮೇಲೆ ನಿಂತು ಹರಿದ ನೀರು. ಗಾಂಧಿಬಜಾರಿನಲ್ಲಿ ಅವನು ಪುಡಿ ಮಾಡಿಸಿ ತರುವ ಕಾಫಿ ಕೊಡಗು, ಸಕಲೇಶಪುರಗಳ ತೋಟಗಳದ್ದು, ಆನೆ ಈಗ ಹಗಲುಹೊತ್ತಿನಲ್ಲೇ ನಿಲ್ಲುವ ತೋಟಗಳದ್ದು. ಅರ್ಜುನ ಸತ್ತದ್ದು ಆ ಸೀಮೆಯಲ್ಲಿ. ಆನೆಯೊಡನೆ ಅವನಿಗಿರುವ ನಿಜವಾದ ಸಂಬಂಧ ಹೀಗೆ ಲೋಟದಲ್ಲಿದೆ. ಚಿತ್ರಗಳು ಅವನಿಗೆ ಮರಿಯಾನೆಯ ಅಪ್ಪುಗೆಯನ್ನು ತೋರಿಸುತ್ತವೆ.

ವನ್ಯಜೀವಿ ನೋಡಲು ಅವನು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಲ್ಲೇಶ್ವರ ಎಂಬ ಹೆಸರೇ ಕಾಡು ಮಲ್ಲೇಶ್ವರನಿಂದ ಬಂದದ್ದು. ಅಲ್ಲಿ ಮನೆಯ ಮೇಲೆ ಮಂಗ ಬಂದರೆ ಹನುಮನೆಂದು ಬಾಳೆಹಣ್ಣು ಕೊಡುವವರೂ ಮರುದಿನ ಪಾಲಿಕೆಗೆ ದೂರು ಬರೆಯುವವರೂ ಒಂದೇ ಮನೆಯವರಾಗಿರುವುದುಂಟು. ಬಸವನಗುಡಿಯ ಕಹಳೆಬಂಡೆಯ ಮರಗಳಲ್ಲಿ ದೊಡ್ಡ ಬಾವಲಿಗಳು ಹಗಲೆಲ್ಲ ಜೋತುಬಿದ್ದಿರುತ್ತವೆ. ಹಣ್ಣು ತಿನ್ನುವ ಈ ಬಾವಲಿಗಳನ್ನು 1972ರ ಕಾಯಿದೆ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿ ಇಲಿಗಳೊಡನೆ ಸೇರಿಸಿತ್ತು. ಆ ಪಟ್ಟಿಯನ್ನೇ ಕೈಬಿಟ್ಟದ್ದು 2022ರ ತಿದ್ದುಪಡಿ. ಇಷ್ಟು ವರ್ಷ ಕಾನೂನಿನ ಆಸರೆಯಿಲ್ಲದೆ ಅವು ಉಳಿದದ್ದು ನೆರೆಯವರ ಉಪೇಕ್ಷೆಯಿಂದ, ಅಥವಾ ದೇವಸ್ಥಾನದ ಸುತ್ತಣ ಮರ ಕಡಿಯಬಾರದೆಂಬ ಅಳುಕಿನಿಂದ. ಪ್ರೀತಿಯೆಂದು ಹೇಳಲಾಗದ, ಆದರೂ ಸಂರಕ್ಷಣೆಯ ಕೆಲಸ ಮಾಡಿದ ಈ ನೆರೆಹೊರೆತನವನ್ನು ಹಿಡಿಯುವ ಭಾಷೆ ನಮ್ಮ ಸಾಕ್ಷ್ಯಚಿತ್ರಗಳಿಗೆ ಇನ್ನೂ ಒದಗಿದಂತಿಲ್ಲ.

ಮಲ್ಲೇಶ್ವರಕ್ಕೆ ತಾಗಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪ ಇದೆ. ಅಂಗೈಗಿಂತ ತುಸು ದೊಡ್ಡದಾದ, ದುಂಡುಗಣ್ಣಿನ, ರಾತ್ರಿ ಮಾತ್ರ ಚಲಿಸುವ ಈ ಜೀವಿ ಜಿಗಿಯುವುದಿಲ್ಲ. ಒಂದು ಕೊಂಬೆ ಇನ್ನೊಂದಕ್ಕೆ ತಾಗಿದ್ದರೆ ಮಾತ್ರ ಮುಂದಿನ ಮರಕ್ಕೆ ದಾಟುತ್ತದೆ. ಮಾಟಮಂತ್ರಕ್ಕೆಂದು ಹಿಡಿದು ಹಿಂಸಿಸುವವರು ಇದಕ್ಕೆ ಈಗಲೂ ಇದ್ದಾರೆ. ಇದನ್ನು ಚಿತ್ರಿಸಲು ಕೆಂಪು ಬೆಳಕು ಬೇಕು, ಗಂಟೆಗಟ್ಟಲೆ ತಾಳ್ಮೆ ಬೇಕು. ಅಪ್ಪಿಕೊಳ್ಳುವ ದೃಶ್ಯವಂತೂ ಸಿಗದು, ಸಿಕ್ಕರೆ ಅದು ಅಪರಾಧದ ದೃಶ್ಯವಾಗುತ್ತದೆ. ರಸ್ತೆ ಅಗಲಗೊಳಿಸಲು, ವಿದ್ಯುತ್ ತಂತಿಗೆ ಎಡೆ ಮಾಡಿಕೊಡಲು ಒಂದು ಕೊಂಬೆ ಕಡಿದ ಮಧ್ಯಾಹ್ನದಿಂದ ಅಂಥ ಚಿತ್ರ ಆರಂಭವಾಗಬೇಕಾದೀತು. ಅದೇ ರಾತ್ರಿ ಕಾಡುಪಾಪ ಆ ಮರದ ತುದಿಗೆ ಬಂದು, ಮುಂದಿನ ಹಿಡಿ ಸಿಗದೆ, ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಿರುಗುವುದು ಅದರ ಎರಡನೆಯ ದೃಶ್ಯ.