ಹೊಳಪು ಆಮೇಲೆ, ನಳಿಗೆಯ ಬರಹ ಮೊದಲು

ಹಳೆಯ ಪಂಪ್ ರೈಫಲ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮರುಳಾಗುವುದು ಹೊಳಪಿಗೆ. ಅಮೆರಿಕದ ಗನ್ ಶೋಗಳಲ್ಲಿ ಇದನ್ನು ಬೇಕಾದಷ್ಟು ನೋಡಬಹುದು. ಮೇಜಿನ ಮೇಲೆ ಮಿರಮಿರ ಮಿಂಚುವ ವಿಂಚೆಸ್ಟರ್ 1890 ಇದ್ದರೆ ಅದರ ಸುತ್ತ ಜನವೋ ಜನ. ಪಕ್ಕದಲ್ಲೇ ಬಣ್ಣ ಮಾಸಿ ಕಂದಿದ ಇನ್ನೊಂದು ಬಿದ್ದಿರುತ್ತದೆ, ಅದನ್ನು ಕೇಳುವವರಿಲ್ಲ. ನಾನಾದರೆ ಮೊದಲು ಕೈಗೆತ್ತಿಕೊಳ್ಳುವುದು ಆ ಮಾಸಿದ್ದನ್ನೇ.

ಈ ರೈಫಲ್ ಹುಟ್ಟಿದ್ದು ಶೋಕೇಸಿಗಾಗಿ ಅಲ್ಲ. ಯೂಟಾದ ಆಗ್ಡನ್ ಊರಿನ ಜಾನ್ ಬ್ರೌನಿಂಗ್ ಮತ್ತು ಆತನ ತಮ್ಮ ಮ್ಯಾಥ್ಯೂ 1888ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನ್ಯೂ ಹೇವನ್ನಿನ ವಿಂಚೆಸ್ಟರ್ ಕಂಪನಿ 1890ರಲ್ಲಿ ಮಾರುಕಟ್ಟೆಗೆ ತಂದಿತು. ಆ ಕಂಪನಿಯ ಮೊದಲ ಪಂಪ್ ರೈಫಲ್ ಇದೇ. 1932ರವರೆಗೆ 8 ಲಕ್ಷಕ್ಕೂ ಹೆಚ್ಚು ತಯಾರಾದವು. ಹುಡುಗರು ಅಳಿಲು, ಮೊಲ ಹೊಡೆಯಲು ಒಯ್ದರು; ಸಂತೆ-ಉತ್ಸವಗಳ ಶೂಟಿಂಗ್ ಗ್ಯಾಲರಿಯವರು ಸಾಲಾಗಿ ಕಟ್ಟಿಟ್ಟು ಗಿರಾಕಿಗಳ ಕೈಗೆ ಕೊಟ್ಟರು. ನಮ್ಮ ಜಾತ್ರೆಯ ಬಲೂನು ಹೊಡೆಯುವ ಅಂಗಡಿ ಇದ್ದಂತೆಯೇ. ಆದರೆ ಅಲ್ಲಿ ಹಾರುತ್ತಿದ್ದದ್ದು ನಿಜವಾದ ಗುಂಡು, ಉರುಳುತ್ತಿದ್ದದ್ದು ಕಬ್ಬಿಣದ ಬಾತುಕೋಳಿ. ದಿನವಿಡೀ ದುಡಿದ ಕೋವಿಗಳಲ್ಲಿ ಹೊಸದರಂತೆ ಉಳಿದವು ಎಷ್ಟು ಇದ್ದಾವು?

ಕೈಗೆತ್ತಿಕೊಂಡರೆ ಇದರ ಸೊಗಸು ತಿಳಿಯುತ್ತದೆ. 24 ಅಂಗುಲದ ಎಂಟು ಮೂಲೆಯ ನಳಿಗೆ, ಅದರ ಕೆಳಗೆ ತೋಟಾ ತುಂಬುವ ಕೊಳವೆ. ಗೀರು ಗೀರಾದ ಮರದ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಕ್ಕೆ ಚಿಮ್ಮುತ್ತದೆ, ಹ್ಯಾಮರ್ ಹಿಂದಕ್ಕೆ ಬಾಗಿ ನಿಲ್ಲುತ್ತದೆ. ಮುಂದಕ್ಕೆ ತಳ್ಳಿದರೆ ಮುಂದಿನ ತೋಟಾ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಬೇರೆ ಸೇಫ್ಟಿ ಗುಂಡಿ ಇಲ್ಲ. ಹ್ಯಾಮರನ್ನು ಅರ್ಧಕ್ಕೆ ನಿಲ್ಲಿಸುವುದೇ ಸೇಫ್ಟಿ. ಎಡಮಗ್ಗುಲಿನ ದಪ್ಪ ತಿರುಪು ಬಿಚ್ಚಿದರೆ ಇಡೀ ಕೋವಿ ಎರಡು ತುಂಡಾಗಿ ಚೀಲಕ್ಕಿಳಿಯುತ್ತದೆ. ಹೀಗೆ ಬಿಚ್ಚಲಾಗದ ಮೊದಮೊದಲಿನ ಕೋವಿಗಳು ಕಡಿಮೆ, ಅದಕ್ಕೇ ದುಬಾರಿ.

ಇನ್ನು ನಳಿಗೆಯ ಮೇಲಿನ ಬರಹ. 1890ರ ಮಾದರಿಯಲ್ಲಿ ಒಂದು ಕೋವಿಗೆ ಒಂದೇ ಬಗೆಯ ತೋಟಾ: .22 ಶಾರ್ಟ್, .22 ಲಾಂಗ್ ಅಥವಾ .22 ಡಬ್ಲ್ಯುಆರ್‌ಎಫ್, 1919ರಿಂದ .22 ಲಾಂಗ್ ರೈಫಲ್ ಕೂಡ. ತೋಟಾವನ್ನು ಮೇಲೆತ್ತುವ ಭಾಗವನ್ನು ಆಯಾ ತೋಟಾದ ಉದ್ದಕ್ಕೇ ಅಳೆದು ಮಾಡಿರುತ್ತಾರೆ. ಶಾರ್ಟ್ ಸುಲಭವಾಗಿ ಸಿಗುವುದಿಲ್ಲವೆಂದು ಹಿಂದಿನ ಮಾಲೀಕರು ಎಷ್ಟೋ ಕೋವಿಗಳ ತೋಟಾ ಕೂರುವ ಜಾಗ ಕೊರೆಸಿ ಲಾಂಗ್ ರೈಫಲ್‌ಗೆ ಹೊಂದಿಸಿದ್ದಾರೆ. ಆದರೆ ಎತ್ತುವ ಭಾಗ ಹಳೆಯದೇ ಆಗಿರುವುದರಿಂದ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ. ನಳಿಗೆಯೊಳಗಿನ ಸುರುಳಿಯೂ ಶಾರ್ಟ್‌ನ 29 ಗ್ರೇನ್ ಗುಂಡಿಗೆ ತಕ್ಕಂತೆ ನಿಧಾನ ತಿರುವಿನದು. ಲಾಂಗ್ ರೈಫಲ್‌ನ 40 ಗ್ರೇನಿನ ಗುಂಡು ಅದರಲ್ಲಿ ಗುರಿ ಹಿಡಿಯುವುದು ಕಷ್ಟ. ಡಬ್ಲ್ಯುಆರ್‌ಎಫ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. 1959ರಲ್ಲಿ ಬಂದ .22 ಮ್ಯಾಗ್ನಮ್ ಅದರ ವಂಶದ್ದೇ ಆದರೂ ಹೆಚ್ಚು ಉದ್ದ, ಹೆಚ್ಚು ಬಿರುಸು. ಹಳೆಯ ಕೋವಿಗೆ ಅದನ್ನು ತುರುಕಲು ಹೋಗಲೇಬೇಡಿ.

ಆಮೇಲೆ ಬೆಳಕಿಗೆ ಹಿಡಿದು ನಳಿಗೆಯೊಳಗೆ ಕಣ್ಣಾಡಿಸಿ. 1920ರ ದಶಕದ ಕೊನೆಯವರೆಗೂ ತೋಟಾಗಳ ಕಿಡಿಮದ್ದು ಉಪ್ಪಿನಂಶ ಬಿಟ್ಟುಹೋಗುತ್ತಿತ್ತು. ಹೊಡೆದ ದಿನವೇ ತೊಳೆಯದಿದ್ದರೆ ತುಕ್ಕು ತಪ್ಪಿದ್ದಲ್ಲ. ಹೊರಗೆ ಕನ್ನಡಿಯಂತಿದ್ದು ಒಳಗೆ ಗುಳಿ ಬಿದ್ದ ನಳಿಗೆಗಳೇ ಹೆಚ್ಚು. ಎಂಟು ಮೂಲೆಗಳ ಅಂಚು ಬೆರಳಿಗೆ ಮೊಂಡಾಗಿ ತಾಗಿದರೆ, ಕೊರೆದ ಅಕ್ಷರಗಳು ಅರ್ಧ ಅಳಿಸಿದ್ದರೆ, ಯಾರೋ ಉಜ್ಜಿ ಹೊಸದಾಗಿ ನೀಲಿ ಬಣ್ಣ ಏರಿಸಿದ್ದಾರೆಂದೇ ಲೆಕ್ಕ. ಅಂಥದ್ದಕ್ಕೆ ಸಂಗ್ರಾಹಕನ ಬೆಲೆ ಕೊಡುವುದು ದಂಡ. ಹಾಗೆಯೇ ಯಾವ ವರ್ಷದ್ದೆಂದೂ ವಿಚಾರಿಸಿ: 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಪುರಾತನ ವಸ್ತು.

ಇಷ್ಟೆಲ್ಲ ತಲೆನೋವು ಬೇಡ, ವಾರಾಂತ್ಯದಲ್ಲಿ ಡಬ್ಬಿ ಉರುಳಿಸಿದರೆ ಸಾಕು ಎನ್ನುವವರು 1890ರ ತಮ್ಮನಾದ 1906ರ ಮಾದರಿ ಹುಡುಕಲಿ. ಅದಕ್ಕೆ 20 ಅಂಗುಲದ ದುಂಡು ನಳಿಗೆ. 1908ರಿಂದ ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರನ್ನೂ ನುಂಗುತ್ತದೆ. ಜಾನ್ ಪೆಡರ್ಸನ್ ರೂಪಿಸಿದ ರೆಮಿಂಗ್ಟನ್ 12 ಕೂಡ ಒಳ್ಳೆಯ ಆಯ್ಕೆ. ಹ್ಯಾಮರ್ ಒಳಗೇ ಅಡಗಿರುವ ಅದರ ಮೈ ನುಣುಪು, ಎಳೆತ ಹಗುರ.

ನನ್ನ ಮಟ್ಟಿಗೆ ಶಾರ್ಟ್ ಕೋವಿಯೇ ಮೇಲು. ಅದರ ಸದ್ದು ಕಿವಿಗೆ ಹಿತ, ಹೆಗಲಿಗೆ ಒದೆತವೇ ಗೊತ್ತಾಗದು. ತೋಟಾ ದುಬಾರಿಯಾದ್ದರಿಂದ ಒಂದೊಂದು ಈಡನ್ನೂ ಗುರಿ ನೋಡಿಯೇ ಹೊಡೆಯುತ್ತೇವೆ. ಆದ್ದರಿಂದ ಹೊಸಬರಿಗೆ ನಾನು ಹೇಳುವುದಿಷ್ಟೆ: ಕೋವಿಗೆ ಮುಂಗಡ ಕೊಡುವ ಮೊದಲು ಅದರ ತೋಟಾ ಎಲ್ಲಿ ಸಿಗುತ್ತದೆಂದು ವಿಚಾರಿಸಿಕೊಳ್ಳಿ.