ವ್ಯಕ್ತಿಯೋ, ನಿದರ್ಶನವೋ? : ಸಾಹಿತ್ಯವಿವಾದಗಳಲ್ಲಿ ಸಲಿಂಗಪ್ರೇಮ

ಸಮಾಜವು ತನ್ನ ಸ್ವರೂಪವನ್ನು ತಾನೇ ವಿವರಿಸಿಕೊಳ್ಳಬೇಕಾದಾಗ ಅನೇಕ ವೇಳೆ ತನ್ನೊಳಗಿನ ಕೆಲವರನ್ನು ನಿದರ್ಶನವನ್ನಾಗಿ ಮುಂದಿರಿಸಿಕೊಳ್ಳುತ್ತದೆ. ಸಲಿಂಗಪ್ರೇಮದ ವಿಷಯದಲ್ಲಿ ಈ ಪ್ರವೃತ್ತಿಯು ವಿಶೇಷವಾಗಿ ಸ್ಫುಟವಾಗಿದೆ. ಕಳೆದ ಒಂದೂವರೆ ಶತಮಾನದಲ್ಲಿ ಭಾರತದಲ್ಲಿ ಈ ಬಗೆಗೆ ನಡೆದ ಚರ್ಚೆಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಬಹುಪಾಲು ಆ ಪ್ರೇಮವನ್ನು ಅನುಭವಿಸುವ ಮನುಷ್ಯರನ್ನು ಕುರಿತವಲ್ಲ. ರಾಷ್ಟ್ರ, ಪೌರುಷ, ಕುಟುಂಬ, ಪರಂಪರೆ ಎಂಬ ಶಬ್ದಗಳ ಅರ್ಥವನ್ನು ಕುರಿತವು ಎಂಬುದು ಗೋಚರವಾಗುತ್ತದೆ.

ಮೊದಲು ಆಳುವವರ ವಾದವನ್ನು ನೋಡಬಹುದು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಈ ಸಂಬಂಧವನ್ನು ಪ್ರಕೃತಿವಿರುದ್ಧವಾದ ಅಪರಾಧಗಳ ಸಾಲಿಗೆ ಸೇರಿಸಿತು. 1880ರ ದಶಕದಲ್ಲಿ ರಿಚರ್ಡ್ ಬರ್ಟನ್ ತನ್ನ ಅರೇಬಿಯನ್ ನೈಟ್ಸ್ ಅನುವಾದಕ್ಕೆ ಬರೆದ ಉಪಸಂಹಾರದಲ್ಲಿ ಭೂಪಟದ ಮೇಲೆ ಒಂದು ವಲಯವನ್ನೇ ಗುರುತಿಸಿ, ಈ ಪ್ರವೃತ್ತಿಗೆ ಭೂಗೋಳವೂ ಹವಾಗುಣವೂ ಕಾರಣವೆಂದು ಪ್ರತಿಪಾದಿಸಿದನು. ಪಂಜಾಬು, ಕಾಶ್ಮೀರಗಳು ಆ ವಲಯದೊಳಗೆ ಬಂದವು, ಇಂಗ್ಲೆಂಡು ಹೊರಗುಳಿಯಿತು. 1927ರಲ್ಲಿ ಪ್ರಕಟವಾದ ಕ್ಯಾಥರಿನ್ ಮೇಯೋಳ 'ಮದರ್ ಇಂಡಿಯಾ' ಭಾರತೀಯರ ಕಾಮಜೀವನವನ್ನೇ ಅವರ ದೌರ್ಬಲ್ಯಕ್ಕೆ ಮೂಲವೆಂದು ಸಾರಿ, ಸ್ವರಾಜ್ಯಕ್ಕೆ ಅವರು ಅನರ್ಹರೆಂಬ ತೀರ್ಮಾನಕ್ಕೆ ದಾರಿಮಾಡಿತು.

ಅದೇ 1927ರಲ್ಲಿ ಹಿಂದಿಯ ಪಾಂಡೇಯ ಬೇಚನ್ ಶರ್ಮಾ 'ಉಗ್ರ' ಅವರ ಕಥಾಸಂಗ್ರಹ 'ಚಾಕಲೇಟ್' ಹೊರಬಂದಿತು. ಪುರುಷರು ಬಾಲಕರಲ್ಲಿ ಇಡುವ ಆಸಕ್ತಿಯನ್ನು ಬಯಲಿಗೆಳೆದು ನಿರ್ಮೂಲಗೊಳಿಸುವುದೇ ತನ್ನ ಉದ್ದೇಶವೆಂದು ಲೇಖಕರು ಘೋಷಿಸಿದರು. ಬನಾರಸೀದಾಸ್ ಚತುರ್ವೇದಿ ಇಂಥ ಬರವಣಿಗೆಯನ್ನು 'ಘಾಸ್ಲೇಟಿ ಸಾಹಿತ್ಯ' ಎಂದು ಖಂಡಿಸಿದರು. ಸೀಮೆಎಣ್ಣೆಗೆ ಘಾಸಲೇಟ್ ಎನ್ನುವುದನ್ನು ಕೇಳಿರುವ ಮುಂಬಯಿ ಕನ್ನಡಿಗರಿಗೆ ಈ ಬೈಗುಳದ ವಾಸನೆಯನ್ನು ವಿವರಿಸಬೇಕಾಗಿಲ್ಲ. ಗಾಂಧೀಜಿಯವರು ಮಾತ್ರ ಪುಸ್ತಕವನ್ನು ಓದಿ, ಅದು ಅಶ್ಲೀಲವಲ್ಲವೆಂದು ಅಭಿಪ್ರಾಯಪಟ್ಟರು. ಗಮನಿಸಬೇಕಾದ ಅಂಶವೆಂದರೆ, ಖಂಡಿಸಿದವರಿಗೂ ಲೇಖಕರಿಗೂ ಮೂಲಭೂತವಾದ ಭೇದವೇನೂ ಇರಲಿಲ್ಲ. ರಾಷ್ಟ್ರದ ತರುಣರನ್ನು ಒಂದು ವ್ಯಾಧಿಯಿಂದ ಕಾಪಾಡಬೇಕೆಂಬುದರಲ್ಲಿ ಇಬ್ಬರೂ ಏಕಮತದವರು. ವಿವಾದವಿದ್ದದ್ದು ಔಷಧದ ಬಗೆಗೆ. ಸಂಗ್ರಹದ ಶೀರ್ಷಿಕೆ ಪರದೇಶದ ಮಿಠಾಯಿಯದು. ಪಾತ್ರಗಳ ಬಾಯಲ್ಲಿ ಬರುವುದು ಉರ್ದು ಗಜಲು. ಎಂದರೆ, ವ್ಯಾಧಿಯ ಮೂಲವು ಎಲ್ಲಿಯಾದರೂ ಇರಬಹುದು, 'ನಮ್ಮಲ್ಲಿ' ಮಾತ್ರ ಅಲ್ಲ. ಆಳುವವನಿಗೆ ಪೂರ್ವದ ಬಿಸಿಲಿನ ಫಲವಾಗಿ ಕಂಡದ್ದು ಆಳಿಸಿಕೊಂಡವನಿಗೆ ಪಶ್ಚಿಮದ ತಿನಿಸಾಗಿ ಕಂಡಿತು.

ಇಸ್ಮತ್ ಚುಗ್ತಾಯಿ ಅವರ 1942ರ ಉರ್ದು ಕಥೆ 'ಲಿಹಾಫ್' ಕಲೆಯ ದೃಷ್ಟಿಯಿಂದ ಬೇರೆಯೇ ಎತ್ತರದ್ದು. ಲಾಹೋರಿನ ನ್ಯಾಯಾಲಯದಲ್ಲಿ ಅದರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆದು, ಅಶ್ಲೀಲವಾದ ಒಂದು ಶಬ್ದವನ್ನೂ ತೋರಿಸಲಾಗದೆ ಬಿದ್ದುಹೋಯಿತು. ಆದರೂ ಆ ಕಥೆಯಲ್ಲಿ ಒಂದು ತರ್ಕವಿದೆ: ನವಾಬನು ಬೇಗಂ ಜಾನಳನ್ನು ಅಲಕ್ಷಿಸಿದನು, ಆದುದರಿಂದ ಆಕೆ ದಾಸಿಯಾದ ರಬ್ಬುವಿನತ್ತ ತಿರುಗಿದಳು. ಇದನ್ನು ಅಭಾವದ ತರ್ಕವೆನ್ನಬಹುದು. ದೀಪಾ ಮೆಹ್ತಾ ಅವರ 1996ರ ಚಲನಚಿತ್ರ 'ಫೈರ್' ಕೂಡ ಇದನ್ನೇ ಆಶ್ರಯಿಸಿದೆ. ರಾಧೆಯ ಪತಿ ಬ್ರಹ್ಮಚರ್ಯವ್ರತದಲ್ಲಿ ಮಗ್ನ, ಸೀತೆಯ ಪತಿ ಪರಸ್ತ್ರೀಯಲ್ಲಿ ಆಸಕ್ತ. ಹೀಗಾಗಿ ವಾರಗಿತ್ತಿಯರಿಬ್ಬರೂ ಪರಸ್ಪರ ಆಶ್ರಯಿಸುತ್ತಾರೆ. ಗಂಡಂದಿರು ಸಜ್ಜನರಾಗಿದ್ದರೆ ಈ ಪ್ರೇಮ ಹುಟ್ಟುತ್ತಲೇ ಇರಲಿಲ್ಲವೆ? ಕುಟುಂಬವನ್ನು ಟೀಕಿಸಲು ಪ್ರೇಮವನ್ನು ಸಾಕ್ಷಿಯಾಗಿ ಕರೆದಾಗ ಏಳುವ ಈ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.

1998ರ ಡಿಸೆಂಬರಿನಲ್ಲಿ ಮುಂಬಯಿ ಮತ್ತು ದೆಹಲಿಗಳಲ್ಲಿ ಈ ಚಿತ್ರ ನಡೆಯುತ್ತಿದ್ದ ಚಿತ್ರಮಂದಿರಗಳ ಮೇಲೆ ಶಿವಸೇನೆಯವರು ದಾಳಿಮಾಡಿದರು. ಇದು ನಮ್ಮ ಸಂಸ್ಕೃತಿಯಲ್ಲ, ಹೊರಗಿನಿಂದ ಬಂದದ್ದು ಎಂಬುದು ಅವರ ವಾದ. ಈ ಮಾತು ಹೊರನಾಡ ಕನ್ನಡಿಗರಿಗೆ ಅಪರಿಚಿತವಾದುದಲ್ಲ. 1966ರಲ್ಲಿ ಸ್ಥಾಪಿತವಾದ ಅದೇ ಪಕ್ಷವು ತನ್ನ ಆರಂಭದ ವರ್ಷಗಳಲ್ಲಿ 'ಹೊರಗಿನವರು' ಎಂಬ ಹೆಸರನ್ನು ದಕ್ಷಿಣದಿಂದ ಬಂದ ಗುಮಾಸ್ತರಿಗೂ ಹೋಟೆಲಿನವರಿಗೂ ಅಂಟಿಸಿತ್ತು. ಎರಡು ಸಂದರ್ಭಗಳೂ ಸಮಾನವೆಂದು ಇದರ ಅರ್ಥವಲ್ಲ. ಆದರೆ 'ನಾವು' ಎಂಬುದರ ಗಡಿಯನ್ನು ಎಳೆಯಬೇಕಾದಾಗಲೆಲ್ಲ ಹೊರಗೆ ನಿಲ್ಲಿಸಲು ಯಾರಾದರೊಬ್ಬರು ಬೇಕಾಗುತ್ತಾರೆ. ಒಮ್ಮೆ ಹೊರಗೆ ನಿಂತವರು ಮತ್ತೊಬ್ಬರ ಸರದಿ ಬಂದಾಗ ಅದನ್ನು ಗುರುತಿಸದಿದ್ದರೆ ಆ ಅನುಭವದಿಂದ ಪ್ರಯೋಜನವೇನು?

ಸಮರ್ಥಕರೂ ಈ ದೋಷದಿಂದ ಮುಕ್ತರಲ್ಲ. 'ಫೈರ್' ಸಲಿಂಗಪ್ರೇಮದ ಚಿತ್ರವೇ ಅಲ್ಲ, ಸ್ತ್ರೀಸ್ವಾತಂತ್ರ್ಯದ ಚಿತ್ರವೆಂದು ಹಲವರು ಸಮಾಧಾನ ಹೇಳಿದರು. ಮತ್ತೆ ಕೆಲವರು ಕಾಮಸೂತ್ರದ ತೃತೀಯಾ ಪ್ರಕೃತಿಯನ್ನು ಮುಂದಿಟ್ಟು, ಪ್ರಾಚೀನ ಭಾರತವು ಸರ್ವಸಹಿಷ್ಣುವಾಗಿತ್ತು, ದ್ವೇಷವೇ ವಿದೇಶದ್ದು ಎಂದು ವಾದಿಸುತ್ತಾರೆ. ದಂಡಸಂಹಿತೆಯನ್ನು ಬ್ರಿಟಿಷರು ತಂದರೆಂಬುದು ಸತ್ಯ. ಪ್ರಾಚೀನ ಗ್ರಂಥಗಳ ಸಾಕ್ಷ್ಯವನ್ನು ಸಂಗ್ರಹಿಸುವುದೂ ಅವಶ್ಯವಾದ ಸಂಶೋಧನೆಯೇ. ಆದರೆ ಒಬ್ಬನ ಬದುಕಿನ ಹಕ್ಕು ಸಾವಿರ ವರ್ಷಗಳ ಹಿಂದಿನ ಶ್ಲೋಕವನ್ನೋ ಶಿಲ್ಪವನ್ನೋ ಅವಲಂಬಿಸಬೇಕಾಗಿಲ್ಲ. ಶ್ಲೋಕವು ದೊರೆಯದಿದ್ದರೆ ಅವನ ಗತಿಯೇನು?

ಈ ಹಿನ್ನೆಲೆಯಲ್ಲಿ ವಸುಧೇಂದ್ರರ 2013ರ ಕಥಾಸಂಕಲನ 'ಮೋಹನಸ್ವಾಮಿ'ಯ ಮಹತ್ವವು ವ್ಯಕ್ತವಾಗುತ್ತದೆ. ಇಲ್ಲಿ ನಾಯಕನ ಪ್ರೇಮಕ್ಕೆ ಕಾರಣವನ್ನು ಹುಡುಕುವುದಿಲ್ಲ. ಅದು ರಾಷ್ಟ್ರದ ಅವನತಿಯ ಲಕ್ಷಣವೂ ಅಲ್ಲ, ಪರಂಪರೆಯ ವೈಭವದ ಪ್ರಮಾಣವೂ ಅಲ್ಲ. ಜೊತೆಗಾರನಾದ ಕಾರ್ತೀಕನು ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಟಾಗ ಮೋಹನಸ್ವಾಮಿಯ ದುಃಖವು ಯಾವ ಪರಿತ್ಯಕ್ತ ಪ್ರೇಮಿಯ ದುಃಖಕ್ಕೂ ಕಡಿಮೆಯಾದುದಲ್ಲ. ಗಂಡಸುತನಕ್ಕೆ ಊರು ಇಟ್ಟ ಪರೀಕ್ಷೆಗಳ ಭಾರವನ್ನು ಹೊತ್ತ ಬಾಲ್ಯವೂ ಇಲ್ಲಿ ಅನುಭವವಾಗಿಯೇ ಉಳಿಯುತ್ತದೆ, ಸಿದ್ಧಾಂತವಾಗುವುದಿಲ್ಲ. ಸಂಕಲನದ ಕಥೆಗಳೆಲ್ಲ ಸಮಾನವಾದ ಬಿಗಿಯುಳ್ಳವಲ್ಲ. ಕೆಲವೆಡೆ ಕರುಣೆಯು ಅಗತ್ಯಕ್ಕಿಂತ ಹೆಚ್ಚು ಹರಿದಿದೆ. ಆದರೆ ಓದುಗನು ಒಂದು 'ಸಮಸ್ಯೆ'ಯನ್ನಲ್ಲ, ಒಬ್ಬ ಮನುಷ್ಯನನ್ನು ಸಂಧಿಸುತ್ತಾನೆ.

ಆ ವರ್ಷದ ಡಿಸೆಂಬರ್ 11ರಂದೇ ಸರ್ವೋಚ್ಚ ನ್ಯಾಯಾಲಯವು, ಇಂಥವರ ಸಂಖ್ಯೆ ಅತ್ಯಲ್ಪವೆಂಬುದನ್ನೂ ಎತ್ತಿ ಹೇಳಿ, 377ನೆಯ ಕಲಮನ್ನು ಊರ್ಜಿತಗೊಳಿಸಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಕಾನೂನಿಗೆ ಸಂಖ್ಯೆಯು ಒಮ್ಮೆಯಾದರೂ ಲೆಕ್ಕಕ್ಕೆ ಬಂದಿತು. ಸಾಹಿತ್ಯಕ್ಕೆ ಅದು ಎಂದಿಗೂ ಬರಬಾರದು. ಒಬ್ಬನೇ ಒಬ್ಬನಿದ್ದರೂ ಅವನ ಕಥೆ ಅವನದೇ. ಅವನನ್ನು ಯಾವುದಕ್ಕೆ ನಿದರ್ಶನ ಮಾಡಿಕೊಳ್ಳಲಾಗಿದೆ ಎಂದು ಪ್ರತಿಯೊಂದು ಕೃತಿಯನ್ನೂ ಕೇಳುವುದು ವಿಮರ್ಶೆಯ ಮೊದಲ ಕರ್ತವ್ಯವಾಗಬೇಕು.